ಅಜ್ಜಿಗೆಂದು ತಂದ ಕಿತ್ತಳೆ

ಮುಂಬೈ ವಿಮಾನ ನಿಲ್ದಾಣದಲ್ಲಿ ಪಕ್ಕದವರು ಕಿತ್ತಳೆ ಸುಲಿದರು. ಆ ವಾಸನೆಗೆ ಅಮ್ಮನ ಮಡಿಲಲ್ಲಿದ್ದ ಚೀಲ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಮಂಗಳೂರಿಂದ ಅಮ್ಮನಿಗೆ ಸೋದರಮಾವನ ಫೋನ್ ಬಂತು. "ಅಮ್ಮ ಸ್ವಲ್ಪ ಸೀರಿಯಸ್. ನೀನು ಹೊರಡು." ಅಮ್ಮ ಮುಂಬೈಯ ಬೈಕುಲ್ಲಾ ಮಾರ್ಕೆಟ್ಟಿಗೆ ಓಡಿ ಅಜ್ಜಿಗೆಂದು ಕಿತ್ತಳೆ ತಂದಳು. ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ. ನಾನು ಚೀಲಕ್ಕೆ ಕೈಹಾಕಿದರೆ, "ಮುಟ್ಬೇಡ ಮಾರಾಯ್ತಿ, ಅದು ಅಜ್ಜಿಗೆ" ಎನ್ನುತ್ತಿದ್ದಳು. ತೀರಿಕೊಂಡವರನ್ನೂ ದೂರದವರಿಗೆ 'ಸೀರಿಯಸ್' ಎಂದೇ ಹೇಳುವುದು ನಮ್ಮಲ್ಲಿ ರೂಢಿ. ಅಪ್ಪನಿಗದು ಗೊತ್ತಿತ್ತು, ಅವರು ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ. ಅಜ್ಜಿಮನೆಯ ಅಂಗಳದಲ್ಲಿ ಸೇರಿದ್ದ ಜನರನ್ನು ಕಂಡ ಮೇಲೂ ಅಮ್ಮ ಚೀಲ ಕೆಳಗಿಡಲಿಲ್ಲ.

ಇವತ್ತು ಬೆಳಗ್ಗೆ ಮಂಗಳೂರಿಂದ ಅಣ್ಣನ ಫೋನ್. "ಅಮ್ಮ ಸ್ವಲ್ಪ ಸೀರಿಯಸ್. ನೀನು ಹೊರಡು."

ನಾನು ಫೋನಿಟ್ಟು ಟಿಕೆಟ್ ತೆಗೆದೆ. ಅಜ್ಜಿ ಇನ್ನೂ ಇದ್ದಾಳೆಂದು ನಂಬಿಕೊಂಡಿರಲು ಅಂದು ಅಮ್ಮನಿಗೆ ಒಂದು ಹಗಲು, ಒಂದು ರಾತ್ರಿ ಸಿಕ್ಕಿತ್ತು. ನನ್ನ ವಿಮಾನ ಒಂದೂವರೆ ಗಂಟೆಯಲ್ಲೇ ಇಳಿದುಬಿಡುತ್ತದೆ.