ಅತ್ತೆಯ ಬಿಳಿ ಊಟ

ಕಡಿ ಎನ್ನುವ ಮುರುಗಲ ಹಣ್ಣಿನ ಕೆಂಪು ಪಾನಕದ ಲೋಟ ತುಟಿಗೆ ತಾಗುವಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದುಬಿಟ್ಟರು.

ಆ ಬೆಳಿಗ್ಗೆಯಷ್ಟೇ ಕಾರವಾರದ ದಂತವೈದ್ಯರಲ್ಲಿ ಹಲ್ಲು ಬಿಳಿ ಮಾಡಿಸಿಕೊಂಡು ಅಂಕೋಲೆಯ ಮನೆಗೆ ಬಂದಿದ್ದೆ. ಹಲ್ಲು ಸ್ವಲ್ಪ ಜುಮ್ಮೆನ್ನಬಹುದು, ಎರಡು ದಿನ ಬಣ್ಣ ಹಿಡಿಸುವ ಯಾವುದೂ ಬೇಡ ಎಂದಿದ್ದರು ಡಾಕ್ಟರು. ನೆನಪಿಟ್ಟು ಚಹಾ ಬಿಟ್ಟಿದ್ದೆ. ಆದರೆ ಹಲ್ಲು ಜುಮ್ಮೆಂದ ಕೂಡಲೇ, ತಂಪಲ್ಲವೇ ಎಂದು ಕಡಿಗೇ ಕೈ ಹಾಕಿದ್ದೆ.

“ಮುರುಗಲ ಕಲೆ ಸೀರೆಯಿಂದ್ಲೇ ಹೋಗುದಿಲ್ಲ ಮಗಾ, ಹಲ್ಲಿಂದ ಹೋಗ್ತದ?” ಎಂದು ಅತ್ತೆ ಲೋಟ ತೆಗೆದಿಟ್ಟರು.

ಮಧ್ಯಾಹ್ನ ನನಗೆ ಮೊಸರನ್ನ ಬಡಿಸಿ, ತಮ್ಮ ಬಟ್ಟಲಿಗೂ ಅದನ್ನೇ ಹಾಕಿಕೊಂಡರು. ದಿನವೂ ಪೇಟೆಯಲ್ಲಿ ಮೀನು ಮಾರುವ ಅತ್ತೆ ಮೀನಿಲ್ಲದೆ ಉಂಡದ್ದನ್ನು ನಾನು ನೋಡಿಯೇ ಇರಲಿಲ್ಲ. ನಿಮಗ್ಯಾಕೆ ಈ ಪಥ್ಯ ಎಂದೆ.

“ನಿನ್ನ ಎದ್ರಿಗೆ ಕೂತು ಕೆಂಪು ಬಂಗಡೆ ಸಾರು ಉಂಡ್ರೆ ನಂಗೆ ಗಂಟ್ಲಲ್ಲಿ ಇಳೀತದ?” ಎಂದರು. ಮರುದಿನವೂ ಅದೇ ಊಟ.

ಈ ಬಿಳುಪು ಕಾಯಂ ಅಲ್ಲ, ನಿಧಾನಕ್ಕೆ ಮಾಸುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮಾಸಲಿ. ಮೀನು ಬಿಟ್ಟು ಅತ್ತೆ ನನ್ನೆದುರು ಮೊಸರನ್ನ ಉಂಡ ಆ ಎರಡು ದಿನ ಮಾಸುವುದಿಲ್ಲ.