ಹಸಿರಾಗಿಯೇ ಉಳಿದ ಹುಲ್ಲು

ಅವಳಿಗೂ ಒಂದು ಹೆಸರಿತ್ತು, ಹಾಜರಿ ಪುಸ್ತಕದಲ್ಲಿ. ಜನರ ಬಾಯಲ್ಲಿ ಮಾತ್ರ ಅವಳು ಹೆಣದಕ್ಕ. ಬೆಳಗ್ಗೆ ಆರಕ್ಕೆ ಕೋಳಿ ಶೆಡ್ಡಿನ ಕದ ತೆಗೆದು, ಎರಡು ಕೈಗೆ ಎರಡು ಬಕೆಟ್ ಹಿಡಿದು, ಒಂಬತ್ತು ಸಾವಿರ ಕೋಳಿಗಳ ನಡುವೆ ನಡೆದು ಸತ್ತದ್ದನ್ನು ಆಯುವುದು ಅವಳ ಕೆಲಸ. ಕದದ ಹಿಂದೆ ತೂಗುಹಾಕಿದ ಹಾಳೆಯಲ್ಲಿ ಅಂದಿನ ಸಂಖ್ಯೆ ಬರೆಯಬೇಕು, ಪಕ್ಕದಲ್ಲಿ ಕಾರಣ. ಶೆಡ್ಡಿನೊಳಗೆ ಕಾಲು ಎತ್ತಿಡುವಂತಿಲ್ಲ. ಎತ್ತಿಟ್ಟರೆ ಯಾವುದೋ ಒಂದರ ಬೆನ್ನ ಮೇಲೆ ಬೀಳುತ್ತದೆ. ನೆಲ ಸವರಿಕೊಂಡೇ ಹೋಗಬೇಕು. ಹದಿನಾಲ್ಕು ವರ್ಷ ಹೀಗೆ ನಡೆದು ಅವಳ ನಡಿಗೆಯೇ ಹಾಗಾಗಿತ್ತು. ಬೀದಿಯಲ್ಲೂ ಚಪ್ಪಲಿ ನೆಲ ಬಿಟ್ಟು ಏಳುತ್ತಿರಲಿಲ್ಲ.

"ಕಾಲೆತ್ತಿ ನಡಿಯಮ್ಮ, ರಸ್ತೆ ಮೇಲೆ ಕೋಳಿ ಇಲ್ಲ" ಎಂದು ಮಗಳು ರೇಗಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಪೇಟೆಯ ಜನಕ್ಕೆ ಇದ್ದಕ್ಕಿದ್ದಂತೆ ಕೋಳಿಗಳ ಮೇಲೆ ಕರುಣೆ ಉಕ್ಕಿತು. ಕರುಣೆಗೂ ಗಿರಾಕಿ ಇದ್ದಾರೆ ಎಂದು ಗೊತ್ತಾದ ಮೇಲೆ ಮಾಲೀಕ ಸುಮ್ಮನಿರುತ್ತಾನೆಯೇ? ಮೇವಿನ ಚೀಲದ ಮೇಲೆ 'ಸಾವಯವ' ಎಂಬ ಬರಹ ಬಂತು. ಶೆಡ್ಡಿನ ಉದ್ದ ಗೋಡೆಯಲ್ಲಿ ಮೊಣಕಾಲೆತ್ತರದ ನಾಲ್ಕು ಬಾಗಿಲು ಕೊರೆಸಿದರು. ಹೊರಗೆ ತಂತಿ ಬೇಲಿ ಹಾಕಿ ಹುಲ್ಲು ಬೆಳೆಸಿದರು. ಮೊಟ್ಟೆಯ ಡಬ್ಬಿಯ ಮೇಲೆ ಹಸಿರು ಹುಲ್ಲಿನಲ್ಲಿ ಕತ್ತೆತ್ತಿ ನಿಂತ ಒಂದು ಕೆಂಪು ಕೋಳಿಯ ಚಿತ್ರ ಬಂತು.

ಬಾಗಿಲು ಕೊರೆದ ದಿನ ಹೆಣದಕ್ಕನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಮನೆಗೆ ಬಂದವಳೇ ಮಗಳ ಮುಂದೆ ಕೂತು, "ಇನ್ಮೇಲೆ ನಮ್ಮ ಕೋಳಿ ಬಿಸಿಲು ಕಾಣ್ತಾವೆ ಕಣೇ" ಅಂದಳು. ಆ ಒಂದು ಮಾತೇ ಆಮೇಲೆ ಅವಳ ಕೊರಳಿಗೆ ಉರುಳಾಯಿತು.

ಮಗಳಿಗೆ ದೊಡ್ಡ ಅಂಗಡಿಯೊಂದರಲ್ಲಿ ಮೊಟ್ಟೆ, ಹಾಲು ಜೋಡಿಸುವ ಕೆಲಸ. ಚೌಕಾಸಿ ಮಾಡುವವರಿಗಿಂತ ಅನುಮಾನ ಪಡುವವರೇ ಅಲ್ಲಿಗೆ ಹೆಚ್ಚು ಬರುತ್ತಿದ್ದರು. "ನಿಜವಾಗ್ಲೂ ಹೊರಗೆ ಬಿಡ್ತಾರೇನಮ್ಮ? ಇಲ್ಲ ಚಿತ್ರ ಮಾತ್ರಾನಾ?" ಎಂದು ಕೇಳಿದರೆ ಇವಳ ಎದೆ ಉಬ್ಬುತ್ತಿತ್ತು. "ಬಿಡ್ತಾರೆ ಮೇಡಂ. ನಮ್ಮಮ್ಮ ಅಲ್ಲೇ ಕೆಲಸ ಮಾಡೋದು." ಡಬ್ಬಿ ಬುಟ್ಟಿಗೆ ಬೀಳುತ್ತಿತ್ತು. ಸಂಜೆ ಮನೆಗೆ ಬಂದು, "ಇವತ್ತು ನಿನ್ನ ಹೆಸರಲ್ಲಿ ಹನ್ನೊಂದು ಡಬ್ಬಿ ಹೋಯ್ತಮ್ಮ" ಎನ್ನುವಳು. ತಾಯಿ ಪ್ರತಿ ಸಲವೂ ಮಾತು ಬದಲಿಸುತ್ತಿದ್ದಳು.

ಯಾಕೆಂದರೆ ಕೋಳಿಗಳು ಹೊರಗೆ ಹೋಗಲಿಲ್ಲ. ಹುಟ್ಟಿದ ಮೇಲೆ ಐದು ತಿಂಗಳು ದೀಪದ ಬೆಳಕೊಂದನ್ನೇ ಕಂಡವು ಅವು. ಮೇವು ನೀರು ನಡುಮಧ್ಯೆ. ಬಾಗಿಲಿಂದ ಬಿಸಿಲಿನ ಪಟ್ಟಿ ಒಳಗೆ ಬಿದ್ದರೆ ಅದನ್ನು ದಾಟದೆ ಹಿಂದೆ ಸರಿಯುತ್ತಿದ್ದವು. ಬೇಲಿಯೊಳಗಿನ ಹುಲ್ಲು ಮಾತ್ರ ಮೊಣಕಾಲಿನವರೆಗೆ ಬೆಳೆದು, ತಿಂಗಳಿಗೊಮ್ಮೆ ಯಂತ್ರ ತಂದು ಕತ್ತರಿಸಬೇಕಾಯಿತು.

"ಮರಿ ಇದ್ದಾಗಲೇ ಹೊರಗೆ ಬಿಟ್ಟಿದ್ರೆ ಕಲೀತಿದ್ವು ಸಾರ್" ಎಂದು ಅವಳು ಸೂಪರ್‌ವೈಸರನಿಗೆ ಹೇಳಿದಳು.

"ಮರಿ ಇದ್ದಾಗ ಬಿಟ್ರೆ ರೋಗ ಬರುತ್ತೆ. ಆಮೇಲೆ ನಿನಗೆ ಎರಡು ಬಕೆಟ್ ಸಾಲಲ್ಲ, ಲಾರಿ ಬೇಕಾಗುತ್ತೆ."

"ಹಂಗಾದ್ರೆ ಈ ಬಾಗಿಲು ಯಾಕೆ?"

"ಗಾಳಿಗೆ" ಎಂದು ಅವನು ನಕ್ಕ. "ಗಿರಾಕಿಗಳ ಮನಸ್ಸಿಗೆ ಸ್ವಲ್ಪ ಗಾಳಿ ಬೇಡ್ವಾ?"

ಹೇಳಿದ ಸುಳ್ಳನ್ನು ನುಂಗಲಾಗದಿದ್ದರೆ ಅದನ್ನು ನಿಜ ಮಾಡಬೇಕು ಎಂದುಕೊಂಡಳು ಹೆಣದಕ್ಕ. ತಿದ್ದಲಾಗದ ತಪ್ಪು ಅದೇ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಖಾಲಿ ಚೀಲವೊಂದನ್ನು ಬೀಸುತ್ತಾ, "ಹೋಗ್ರಮ್ಮಾ, ಹೋಗ್ರಮ್ಮಾ" ಎಂದು ಗದರದೆ, ಮೆಲ್ಲಗೆ ಕೋಳಿಗಳನ್ನು ಬಾಗಿಲ ಕಡೆ ಅಟ್ಟಿದಳು. ಮುಂದಿನ ಸಾಲು ಬಿಸಿಲಿನ ಪಟ್ಟಿಯವರೆಗೂ ಹೋಯಿತು, ನಿಂತಿತು. ಹಿಂದಿನವು ನೂಕಿದವು. ಎಲ್ಲೋ ಒಂದು ಕಿರುಚಿತು. ಅಷ್ಟೇ. ಇಡೀ ಹಿಂಡು ತಿರುಗಿ, ಒಂದರ ಮೇಲೊಂದು ಹಾರಿ, ದೂರದ ಕತ್ತಲ ಮೂಲೆಗೆ ನುಗ್ಗಿ ಗುಡ್ಡೆಯಾಯಿತು. ಅವಳು ಓಡಿದಳು. ಓಡುವಾಗಲೂ ಕಾಲೆತ್ತಲಿಲ್ಲ. ಮೇಲಿನವನ್ನು ಕಿತ್ತು ಕಿತ್ತು ಎಸೆದಳು. ಕೆಳಗಿದ್ದವುಗಳ ಮೇಲೆ ಒಂದು ಗಾಯವಿಲ್ಲ, ಒಂದು ಹನಿ ರಕ್ತವಿಲ್ಲ. ಉಸಿರಿಲ್ಲ, ಅಷ್ಟೇ. ಇನ್ನೂರ ಆರು. ಅಷ್ಟನ್ನೂ ಅವಳೇ ಹೊತ್ತಳು.

ಮಾಲೀಕ ಬಂದು ನೋಡಿದ. ಬೈಯುತ್ತಾನೆ, ಓಡಿಸುತ್ತಾನೆ ಎಂದುಕೊಂಡಿದ್ದಳು. ಅವನು ಸಿಡುಕಿದ್ದು ಒಂದೇ ಮಾತು: "ಸಾವಯವ ಮುದ್ರೆಗೆ ಮುಂದಿನ ವಾರ ತಪಾಸಣೆ ಇದೆ. ಸೆಕೆಗೆ ಸತ್ತವು ಅಂತ ಬರಿ." ಹೆಣ ಆಯಲು ಇನ್ನೊಬ್ಬರು ಅಷ್ಟು ಬೇಗ ಸಿಗುವುದಿಲ್ಲ ಎಂಬುದು ಅವನಿಗೂ ಗೊತ್ತು. ಅವಳು ಹಾಳೆಯಲ್ಲಿ 'ಸೆಕೆ' ಎಂದು ಬರೆದಳು. ದಿನದ ಸಂಖ್ಯೆ ಬರೆಯುವಷ್ಟೇ ಸಲೀಸಾಗಿ ಬರೆದಳು. ಅದೇ ಅವಳಿಗೆ ಹೆಚ್ಚು ನೋವಾಗಿದ್ದು.

ತಪಾಸಣೆಯವನು ಬಂದ ದಿನ ಅವಳು ಒಂದು ನಿರ್ಧಾರ ಮಾಡಿಕೊಂಡೇ ಬಂದಿದ್ದಳು. ಕೆಲಸ ಹೋದರೆ ಹೋಗಲಿ. ತನ್ನ ಹೆಸರು ಹೇಳಿ ಮಗಳು ಮಾಡುವ ವ್ಯಾಪಾರ ಇವತ್ತಿಗೆ ನಿಲ್ಲಲಿ. ತಪಾಸಕ ಚಿಕ್ಕ ವಯಸ್ಸಿನವನು, ಒರಟನಲ್ಲ. ಬೇಲಿಯ ಬಳಿ ನಿಂತು, "ಆಹಾ, ಎಷ್ಟು ಚೆನ್ನಾಗಿದೆ ಹಸಿರು!" ಅಂದ. ಮಾಲೀಕ ಹಲ್ಲು ಬಿಟ್ಟ.

ಹೆಣದಕ್ಕ ಬಕೆಟ್ ಕೆಳಗಿಟ್ಟಳು. "ಸಾರ್, ಒಂದು ಮಾತು. ನಮ್ಮಜ್ಜಿ ಮನೇಲಿ ಎಂಟು ಕೋಳಿ ಇದ್ವು. ಹಿತ್ತಲಲ್ಲಿ ಒಂದು ಎಸಳು ಹುಲ್ಲು ಉಳೀತಿರಲಿಲ್ಲ, ಕೆದಕಿ ಕೆದಕಿ ಬೋಳು ಮಾಡಿಬಿಡ್ತಿದ್ವು. ಇಲ್ಲಿ ಒಂಬತ್ತು ಸಾವಿರ ಕೋಳಿ ಇವೆ ಸಾರ್. ಹುಲ್ಲು ನೋಡಿ."

ಸೂಪರ್‌ವೈಸರ್ ಕೆಮ್ಮಿದ. ತಪಾಸಕ ಹುಲ್ಲು ನೋಡಿದ, ಅವಳನ್ನು ನೋಡಿದ, ಕೈಯಲ್ಲಿದ್ದ ಕಾಗದ ಮಗುಚಿದ. ಅವನಿಗೆ ಅರ್ಥವಾಗಿತ್ತು, ಅವನ ಮುಖವೇ ಹೇಳಿತು.

"ಅಮ್ಮ, ಈ ಕಾಗದದಲ್ಲಿ ಕೇಳಿರೋದು ಇಷ್ಟೇ. ಬಾಗಿಲು ಇದೆಯಾ, ಎಷ್ಟು ಅಗಲ, ದಿನಕ್ಕೆ ಎಷ್ಟು ಗಂಟೆ ತೆರೆದಿರುತ್ತೆ. ಕೋಳಿ ಹೊರಗೆ ಹೋಗುತ್ತಾ ಅನ್ನೋ ಪ್ರಶ್ನೆ ಇಲ್ಲ."

"ನೀವೇ ಬರ್ಕೊಳ್ಳಿ ಸಾರ್."

"ಎಲ್ಲಿ ಬರೀಲಿ? ಜಾಗ ಇಲ್ಲಮ್ಮ."

ಆಮೇಲೆ ಶೆಡ್ಡಿಗೆ ಬಂದಾಗ ಅವನ ಕಣ್ಣು ಕದದ ಹಿಂದಿನ ಹಾಳೆಯ ಮೇಲೆ ಬಿತ್ತು. "ಒಂದೇ ದಿನ ಇನ್ನೂರ ಆರು? ಸೆಕೆನಾ?"

"ಸೆಕೆ ಅಲ್ಲ ಸಾರ್. ನಾನು ಹೊರಗೆ ಅಟ್ಟೋಕೆ ಹೋದೆ. ಹೆದರಿ ಮುಗಿಬಿದ್ದು ಸತ್ತವು."

ಇದನ್ನು ಬರೆಯಲು ಜಾಗವಿತ್ತು. ಕೊನೆಯ ಪುಟದಲ್ಲಿ 'ಸೂಚನೆ' ಎಂಬ ಖಾನೆಯ ಕೆಳಗೆ ಅವನು ಬರೆದ: ಬಾಗಿಲ ಬಳಿ ಕೋಳಿಗಳನ್ನು ಕೆಲಸಗಾರರು ಬಲವಂತವಾಗಿ ಹೊರಗೆ ಅಟ್ಟಕೂಡದು. ಸಹಿ ಹಾಕಿದ. ಹತ್ತು ದಿನಕ್ಕೆ ಮುದ್ರೆ ಬಂತು. ಅವಳು ಹದಿನಾಲ್ಕು ವರ್ಷದಲ್ಲಿ ಆಡಿದ ಒಂದೇ ಒಂದು ಪೂರ್ತಿ ನಿಜ, ಕೋಳಿಗಳನ್ನು ಒಳಗೇ ಇಡುವ ನಿಯಮವಾಯಿತು.

ಅವಳ ಕೆಲಸವೂ ಹೋಗಲಿಲ್ಲ. ಹೋಗಿದ್ದರೆ ಒಂದು ಸಮಾಧಾನವಾದರೂ ಇರುತ್ತಿತ್ತು. "ಹುಲ್ಲಿನ ಮೇಲೆ ಅಷ್ಟು ಕಣ್ಣಿದ್ರೆ ಅದನ್ನೂ ನೀನೇ ನೋಡ್ಕೋ" ಎಂದು ಮಾಲೀಕ ಕತ್ತರಿಸುವ ಯಂತ್ರವನ್ನು ಅವಳಿಗೆ ಒಪ್ಪಿಸಿದ.

ಮುದ್ರೆ ಬಂದು ತಿಂಗಳಾದ ಮೇಲೆ ಒಂದು ಸಂಜೆ ಅವಳು ಮಗಳ ಎದುರು ಕೂತು ಎಲ್ಲವನ್ನೂ ಹೇಳಿದಳು. ಇನ್ನೂರ ಆರನ್ನೂ, ಸೆಕೆಯನ್ನೂ.

"ಇನ್ಮೇಲೆ ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಬೇಡ ಕಣೇ."

"ಈಗ ಯಾರಮ್ಮ ಕೇಳ್ತಾರೆ?" ಎಂದಳು ಮಗಳು. "ಡಬ್ಬಿ ಮೇಲೆ ಮುದ್ರೆ ಬಂದಿದೆಯಲ್ಲ. ಅದನ್ನ ನೋಡ್ತಾರೆ, ಬುಟ್ಟಿಗೆ ಹಾಕ್ಕೊಂಡು ಹೋಗ್ತಾರೆ. ಮುಂಚಿನ ಎರಡರಷ್ಟು ಹೋಗ್ತಿದೆ."

ಮರುದಿನ ಬೆಳಗ್ಗೆ ಹೆಣದಕ್ಕ ಬಕೆಟ್ ತುಂಬಿಸಿ, ಸಂಖ್ಯೆ ಬರೆದು, ಯಂತ್ರ ತಳ್ಳಿಕೊಂಡು ಬೇಲಿಯೊಳಗೆ ಇಳಿದಳು. ನಾಲ್ಕೂ ಬಾಗಿಲು ನಿಯಮದಂತೆ ತೆರೆದಿದ್ದವು. ಹುಲ್ಲಿನ ಮೇಲೆ ಒಂದು ಗರಿಯೂ ಇರಲಿಲ್ಲ. ಅವಳು ಪಾದ ಎತ್ತದೆ, ನೆಲ ಸವರಿಕೊಂಡು, ಈ ಬೇಲಿಯಿಂದ ಆ ಬೇಲಿಯವರೆಗೆ ನಡೆದಳು.