ಬಿಳಿ ಮೂರರ ಭೈರವಿ

ಹಳದೀಪುರದ ಶನಿವಾರದ ಭಜನೆ ಭೈರವಿಯಿಲ್ಲದೆ ಮುಗಿಯುತ್ತಿರಲಿಲ್ಲ. ಆ ಭೈರವಿಯನ್ನು ಮಾಬ್ಲನ ಹೊರತು ಬೇರೆ ಯಾರೂ ಹಾಡುತ್ತಿರಲಿಲ್ಲ. ಹಾಡಬಾರದೆಂದು ಯಾರೂ ಹೇಳಿದ್ದಲ್ಲ, ಅವನಿರುವಾಗ ಇನ್ನೊಬ್ಬರು ಬಾಯಿ ತೆರೆಯುವ ಪ್ರಶ್ನೆಯೇ ಬರುತ್ತಿರಲಿಲ್ಲ. ಅವನು ಕೊನೆಯ ಷಡ್ಜಕ್ಕೆ ಬಂದು ನಿಲ್ಲುವವರೆಗೆ ಚಾಪೆಯಿಂದ ಯಾರೂ ಏಳುವಂತಿಲ್ಲ, ಮಂಗಳಾರತಿಗೆ ಬತ್ತಿ ಹಚ್ಚುವಂತಿಲ್ಲ.

ಮಾಬ್ಲ ಕುಮಟಾ–ಹೊನ್ನಾವರ ಟೆಂಪೋದಲ್ಲಿ ಕಂಡಕ್ಟರಾಗಿದ್ದ. ‘ಹಳದೀಪುರ, ಹೊನ್ನಾವರ, ಹಿಂದೆ ಜಾಗ ಅದೆ’ ಎಂದು ಅವನು ಕೂಗಿದರೆ ಕೂಗಿನ ತುದಿ ಕೋಮಲ ರಿಷಭವನ್ನು ಸವರಿಕೊಂಡು ಇಳಿಯುತ್ತಿತ್ತು. ಹಿಂದೆ ಜಾಗವೇನೂ ಇರುತ್ತಿರಲಿಲ್ಲ. ಕುಮಟಾದಲ್ಲಿ ಗಡಿಯಾರ ರಿಪೇರಿ ಮಾಡುವ ಕೃಷ್ಣಾನಂದ ದಿನವೂ ಅದೇ ಟೆಂಪೋದಲ್ಲಿ ನಿಂತುಕೊಂಡೇ ಮನೆಗೆ ಬರುತ್ತಿದ್ದ. ಶನಿವಾರ ಮಾಬ್ಲನ ಹಾಡಿಗೆ ಹಾರ್ಮೋನಿಯಂ ಅವನದೇ.

ಮೊದಲು ಮಾಬ್ಲನ ಸ್ವರ ಒಡೆಯಿತು. ಆಮೇಲೆ ದೊಡ್ಡ ಆಸ್ಪತ್ರೆಯವರು ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯ ತೂತಿನಲ್ಲಿ ಉಸಿರಾಡುತ್ತ ಮನೆಗೆ ಬಂದ ಮಾಬ್ಲ ತುಟಿಯಲ್ಲೇ ಮಾತಾಡುವುದನ್ನು ಕಲಿತ. ಅದನ್ನು ಓದಿ ಹೇಳುವುದು ಹೆಂಡತಿ ಮಾಲತಿಯ ಕೆಲಸವಾಯಿತು. ಅವನು ಒಂದು ಹೇಳಿದರೆ ಅವಳು ತನ್ನದೊಂದು ಸೇರಿಸಿಯೇ ಹೇಳುತ್ತಿದ್ದಳು.

ಭಜನೆ ಈಗ ಎಲ್ಲೋ ಒಂದು ಕಡೆ ನಿಂತುಬಿಡುತ್ತಿತ್ತು. ಮುಗಿಯಿತೋ ಇಲ್ಲವೋ ತಿಳಿಯದೆ ಜನ ಅರ್ಧ ಎದ್ದು, ಕಂಬಕ್ಕೆ ಒರಗಿ ಕುಳಿತ ಮಾಬ್ಲನನ್ನು ನೋಡಿ ಮತ್ತೆ ಕುಳಿತುಕೊಳ್ಳುತ್ತಿದ್ದರು.

ಮಾಲತಿಯ ತಂಗಿಯ ಮಗಳು ವಿನುತಾ ರಜೆಗೆ ಬಂದಾಗ ಯುಕುಲೆಲೆ ತಂದಿದ್ದಳು. ಗಿಟಾರಿನ ಮರಿಯಂತಹ, ನಾಲ್ಕೇ ತಂತಿಯ ವಾದ್ಯ. ಹೋಗುವಾಗ ದೊಡ್ಡಪ್ಪನಿಗೆ ಅದನ್ನು ಬಿಟ್ಟು ಹೋದಳು. ಮಾಬ್ಲ ಕೃಷ್ಣಾನಂದನನ್ನು ಕರೆಸಿ ತುಟಿ ಅಲುಗಿಸಿದ.

“ಶನಿವಾರದ ಭೈರವಿ ಇನ್ನು ಮೇಲೆ ಇದರಲ್ಲೇ ಮುಗಿಸೂದಂತೆ,” ಎಂದಳು ಮಾಲತಿ. “ನೀವು ಕಲಿಸ್ಬೇಕಂತೆ. ನಂಗೆ ಮನೆಯಲ್ಲಿ ಮಾಡ್ಲಿಕ್ಕೆ ಬೇರೆ ಕೆಲ್ಸ ಇಲ್ಲ ಅಂತ ಮಾಡ್ಕಂಡಾರೆ.”

ಕೃಷ್ಣಾನಂದನಿಗೂ ಆ ವಾದ್ಯ ಹೊಸದು. ತಾಳ ಹಾಕುವ ವೆಂಕಟ್ರಮಣ ಬಂದು ನೋಡಿ, “ನಾಲ್ಕು ತಂತಿ ಅಂದ್ರೆ ತಂಬೂರಿಯೇ ಅಲ್ಲನಾ? ಮಳೆಗೆ ನೆನೆದು ಕುಗ್ಗಿದ್ದು,” ಎಂದ. ಎಲ್ಲರಿಗೂ ಸರಿಯೆನಿಸಿತು. ತಂಬೂರಿಗೆ ಮಾಡುವಂತೆ ಒಂದನ್ನು ಪಂಚಮಕ್ಕೆ, ಉಳಿದವನ್ನು ಷಡ್ಜಕ್ಕೆ ಕಟ್ಟಲು ಹೊರಟರು. ಒಂದು ತಂತಿ ಸಡಿಲಾಗಿ ಜೋತುಬಿತ್ತು. ಇನ್ನೊಂದು ಫಟ್ಟೆಂದು ಹರಿದು ವೆಂಕಟ್ರಮಣನ ಕೆನ್ನೆಗೆ ಬಡಿಯಿತು. ಮಾಬ್ಲ ಹೊಟ್ಟೆ ಹಿಡಿದುಕೊಂಡು ನಕ್ಕ. ಸದ್ದೇ ಇಲ್ಲದ ಆ ನಗುವನ್ನು ನೋಡಲಾರದೆ ಕೃಷ್ಣಾನಂದ ತಂತಿಯ ಚೂರು ಹುಡುಕುವವನಂತೆ ಬಗ್ಗಿದ.

ವಿನುತಾ ಹೊಸ ತಂತಿ ಕಳಿಸಿ, ಫೋನಿನಲ್ಲಿ ಶ್ರುತಿ ಹೇಳಿಕೊಟ್ಟಳು. ಭಜನೆಯ ಷಡ್ಜ ಮೊದಲಿನಿಂದಲೂ ಹಾರ್ಮೋನಿಯಂನ ಬಿಳಿ ಒಂದು, ಅಂದರೆ ಮೊದಲ ಬಿಳಿ ಮನೆ. ಅದು ಮಾಬ್ಲನ ಗಂಟಲಿನ ಅಳತೆ. ಆ ಲೆಕ್ಕಕ್ಕೆ ಯುಕುಲೆಲೆಯ ತಂತಿಗಳು ಪ, ಸ, ಗ, ಧ ಎಂದು ನಿಂತವು. ತೊಡಕಾದದ್ದು ಅಲ್ಲೇ. ಭೈರವಿಗೆ ಬೇಕಾದದ್ದು ಇಳಿದ, ಕೋಮಲವಾದ ಗಂಧಾರ, ಧೈವತ. ಈ ತಂತಿಗಳಲ್ಲಿದ್ದವು ಶುದ್ಧ ಸ್ವರಗಳು. ಬೆರಳು ಕೊಂಚ ಜಾರಿ ಒತ್ತದ ತಂತಿ ನುಡಿದರೂ ಭೈರವಿ ಕೆಡುತ್ತಿತ್ತು. ಮಾಬ್ಲನ ಬೆರಳುಗಳೋ ದಪ್ಪ, ಒಂದನ್ನು ಒತ್ತಿದರೆ ಪಕ್ಕದ್ದೂ ಸಿಕ್ಕಿಕೊಳ್ಳುತ್ತಿತ್ತು.

“ಇದು ಟೆಂಪೋ ಬಾಗ್ಲಲ್ಲ ಅಂತ ಹೇಳಿ ಅವ್ರಿಗೆ,” ಎಂದು ಮಾಲತಿ ಒಳಗಿನಿಂದ ಕೂಗುತ್ತಿದ್ದಳು.

ಮಳೆಗಾಲ ಹಾಗೆಯೇ ಕಳೆಯಿತು. ಒಂದು ದಿನ ಅಂಗಡಿಯಲ್ಲಿ ಗಡಿಯಾರ ಬಿಚ್ಚಿ ಕುಳಿತಿದ್ದಾಗ ಕೃಷ್ಣಾನಂದನಿಗೆ ತಾನು ಹಾರ್ಮೋನಿಯಂ ಕಲಿತ ಮೊದಲ ದಿನಗಳು ನೆನಪಾದವು. ಬಿಳಿ ಮೂರರಿಂದ ಹೊರಟು ಬರಿಯ ಬಿಳಿ ಮನೆಗಳನ್ನೇ ಒತ್ತುತ್ತ ಹೋದರೆ ಸಿಗುವುದು ಭೈರವಿಯೇ. ಅಂಗಡಿ ಮುಚ್ಚಿ ಬಂದವನೇ ಮಾಬ್ಲನ ಕೈ ಹಿಡಿದು ಬಿಳಿ ಮೂರರದೇ ಸ್ವರವಿದ್ದ ಮೂರನೆಯ ತಂತಿಯನ್ನು ಮೀಟಿಸಿದ.

“ಇದನ್ನ ಸ ಅಂತ ತಿಳ್ಕೊ ಮಾರಾಯಾ. ಈಗ ಯಾವ ತಂತಿ ಒತ್ತದೆ ನುಡಿಸಿದ್ರೂ ಭೈರವಿದೇ ಸ್ವರ.”

ಮಾಬ್ಲ ಒಂದೊಂದನ್ನೇ ಮೀಟಿದ. ಕೋಮಲ ಗಂಧಾರ, ಕೋಮಲ ಧೈವತ, ಷಡ್ಜ, ಮಧ್ಯಮ. ಯಾವುದೂ ತಪ್ಪಲಿಲ್ಲ. ಆಮೇಲೆ ತುಟಿ ಅಲುಗಿತು.

“ಬಿಳಿ ಮೂರಕ್ಕೆ ನಿಮ್ಮ ಗಂಟಲು ಏರ್ತದಾ ಅಂತ ಕೇಳ್ತಾರೆ,” ಎಂದಳು ಮಾಲತಿ. ಅವನು ನುಡಿಸಿದರೆ ಸೊಲ್ಲು ಹಾಡಬೇಕಾದವರು ಇನ್ನು ಉಳಿದವರೇ ತಾನೆ.

“ನಮ್ದು ಹರ್ಕೊಂಡು ಹೋಗ್ಲಿ. ನೀನು ಮುಗ್ಸು, ಸಾಕು.”

“ಆತು,” ಎಂದವು ಮಾಬ್ಲನ ತುಟಿಗಳು. ಅದನ್ನು ಯಾರೂ ಓದಿ ಹೇಳಬೇಕಾಗಲಿಲ್ಲ.

ಆರೋಹಣ ಕೈಗೆ ಬಂತು. ಅವರೋಹಣ ಇನ್ನೇನು ಬರುತ್ತದೆ ಎನ್ನುವಾಗ ಎಡಗಡೆ ಕುತ್ತಿಗೆಯ ಬುಡದಲ್ಲಿ ಗಂಟು ಕಾಣಿಸಿ ತೋಳು ಬಾತುಕೊಂಡಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ತಂತಿ ಒತ್ತುವುದು ಆ ಎಡಗೈಯೇ. ಕೃಷ್ಣಾನಂದ ಹಾಸಿಗೆಯ ಪಕ್ಕ ಕುಳಿತು ತಾನು ಒತ್ತಿದ, ಮಾಬ್ಲ ಬಲಗೈಯಲ್ಲಿ ಮೀಟಿದ. ಬರಿಯ ಒಂದು ಸಾಲು, ಮ ಗ ರೆ ಸ. ಕೃಷ್ಣಾನಂದನ ಬೆರಳು ರಿಷಭಕ್ಕೆ ಹೋಗುವ ಮೊದಲೇ ಮಾಬ್ಲ ಮೀಟಿಬಿಡುತ್ತಿದ್ದ. ಇವನು ಕಾದು ಒತ್ತಿದರೆ ಅವನ ಕೈ ಏಳುತ್ತಿರಲಿಲ್ಲ. ಗಡಿಯಾರದ ಕೂದಲೆಳೆಯಂತಹ ಸ್ಪ್ರಿಂಗನ್ನು ಕೂರಿಸುವ ಬೆರಳುಗಳಿಗೆ ಗೆಳೆಯನ ರಿಷಭವೊಂದನ್ನು ಸಮಯಕ್ಕೆ ಒತ್ತಿಕೊಡಲಾಗಲಿಲ್ಲ.

ಕೊನೆಗೆ ಮಾಬ್ಲ ಅವನ ಕೈಯನ್ನು ಮೆಲ್ಲಗೆ ಸರಿಸಿದ. ಮೂರನೆಯ ತಂತಿಯನ್ನು ಒತ್ತದೆ ಹಾಗೆಯೇ ಮೀಟಿದ. ಆ ಷಡ್ಜಕ್ಕೆ ಎಡಗೈ ಬೇಡ. ಮತ್ತೆ ಮತ್ತೆ ಅದನ್ನೇ ಮೀಟಿದ.

“ಎಂತ ಹೇಳ್ತಾನೆ?” ಕೃಷ್ಣಾನಂದ ಕೇಳಿದ.

ಮಾಲತಿ ಗಂಡನ ತುಟಿಯನ್ನು ನೋಡಿದಳು. “ಎಂತದೂ ಇಲ್ಲ,” ಎಂದಳು.

ಶನಿವಾರ ಬರುವ ಮೊದಲೇ ಮಾಬ್ಲ ಹೋದ.

ಸೂತಕ ಕಳೆದ ಮೇಲಿನ ಭಜನೆಗೆ ಮಾಲತಿಯೂ ಬಂದು ಬಾಗಿಲ ಬಳಿ ಕುಳಿತಳು. ಕೊನೆಯಲ್ಲಿ ಕೃಷ್ಣಾನಂದನ ಬೆರಳು ಅಭ್ಯಾಸಬಲದಿಂದ ಬಿಳಿ ಒಂದಕ್ಕೆ ಹೋಯಿತು. ಅಲ್ಲಿಂದ ತೆಗೆದು ಬಿಳಿ ಮೂರರ ಮೇಲಿಟ್ಟ.

“ಅದು ಏರೂದಿಲ್ಲ ಕೃಷ್ಣಾನಂದಾ,” ಎಂದು ವೆಂಕಟ್ರಮಣ ಪಿಸುಗುಟ್ಟಿದ.

“ಗೊತ್ತದೆ.”

ಎಲ್ಲರೂ ಭೈರವಿ ಹಿಡಿದರು. ಪಂಚಮದವರೆಗೆ ಹೇಗೋ ಹೋಯಿತು. ಧೈವತದಲ್ಲಿ ಕೆಲವರು ಬಿಟ್ಟರು, ನಿಷಾದದಲ್ಲಿ ಉಳಿದವರ ಸ್ವರ ಸೀಳಿತು. ಮೇಲಿನ ಷಡ್ಜಕ್ಕೆ ಬಂದಾಗ ಹಾರ್ಮೋನಿಯಂ ಒಂದೇ ಇತ್ತು. ಮನೆ ಒತ್ತಿ ಹಿಡಿಯುವುದೇನು ಕಷ್ಟ. ಮುಗಿಸಬೇಕಾದವನು ತಾನಲ್ಲ ಎಂಬಂತೆ ಕೃಷ್ಣಾನಂದ ಬೆರಳು ತೆಗೆದುಬಿಟ್ಟ. ತಿದಿಯಲ್ಲಿ ಉಳಿದಿದ್ದ ಗಾಳಿ ಸುಯ್ಯೆಂದು ಹೋಯಿತು.

ಚಾಪೆಯಿಂದ ಯಾರೂ ಏಳಲಿಲ್ಲ. ಆರತಿಯ ತಟ್ಟೆಯನ್ನು ಮುಂದಿಟ್ಟುಕೊಂಡು ವೆಂಕಟ್ರಮಣ ಬೆಂಕಿಪೊಟ್ಟಣ ಹಿಡಿದು ಕುಳಿತೇ ಇದ್ದ.